ಡಬ್ಬ ಕಾರ್ಖಾನೆಯ ಕರೆಂಟ್ ಸೋರುವುದು ಮೋಟಾರಿನಲ್ಲಲ್ಲ, ಮೋಟಾರಿಗೂ ರೋಲಿಗೂ ನಡುವೆ

ವಸಂತನರಸಾಪುರ, ಅಂತರಸನಹಳ್ಳಿ, ವೇಮಗಲ್, ಮಾಲೂರು, ಗೌರಿಬಿದನೂರಿನಂಥ ಕೈಗಾರಿಕಾ ಪ್ರದೇಶಗಳಲ್ಲಿ ರಟ್ಟಿನ ಡಬ್ಬ ಮಾಡುವವರ ಲೆಕ್ಕಾಚಾರ ಕಳೆದ ವರ್ಷ ತಲೆಕೆಳಗಾಯಿತು. 2025ರ ಸೆಪ್ಟೆಂಬರ್ 22ರಿಂದ ಕೊರುಗೇಟೆಡ್ ಡಬ್ಬದ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಅದೇ ಡಬ್ಬಕ್ಕೆ ಬೇಕಾದ ಕ್ರಾಫ್ಟ್ ಕಾಗದದ ಮೇಲಿನ ತೆರಿಗೆ ಶೇ. 12ರಿಂದ ಶೇ. 18ಕ್ಕೆ ಏರಿತು. ಕೊಳ್ಳುವಾಗ 18 ಕಟ್ಟಿ, ಮಾರುವಾಗ 5 ವಸೂಲು ಮಾಡುವ ವ್ಯಾಪಾರದಲ್ಲಿ ಕೈಬಂಡವಾಳ ತೆರಿಗೆ ಖಾತೆಯಲ್ಲೇ ಸಿಕ್ಕಿಬೀಳುತ್ತದೆ. ಕಾಗದದ ದರ ಮಿಲ್ಲಿನವರ ಕೈಯಲ್ಲಿದೆ, ಡಬ್ಬದ ದರ ಕೊಳ್ಳುವ ಕಂಪನಿಯ ಕೈಯಲ್ಲಿದೆ. ಕಾರ್ಖಾನೆಯವರ ಕೈಯಲ್ಲಿ ಉಳಿದಿರುವುದು ವೇಸ್ಟೇಜು ಮತ್ತು ಬೆಸ್ಕಾಂ ಬಿಲ್ಲು, ಎರಡೇ.

ಹಾಗಾಗಿ ಐಇ3, ಐಇ4 (ಹೆಚ್ಚು ದಕ್ಷತೆಯ ದರ್ಜೆಗಳು) ಮೋಟಾರು, ಎಸಿ ಡ್ರೈವ್ (ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ) ಮಾರುವವರಿಗೆ ಈಗ ಕಿವಿ ಕೊಡುವವರು ಹೆಚ್ಚು. ಮೂವತ್ತು ಪರ್ಸೆಂಟ್ ಉಳಿತಾಯ ಎಂಬ ಮಾತು ಕೇಳಲು ಹಿತವಾಗಿದೆ. ಕೆಲವು ಯಂತ್ರಗಳಲ್ಲಿ ಅದು ನಿಜವೂ ಹೌದು, ಕೆಲವದರಲ್ಲಿ ಅದಕ್ಕಿಂತ ಹೆಚ್ಚೇ ಉಳಿಯುತ್ತದೆ. ಆದರೆ ಪಕ್ಕದ ಇನ್ನೊಂದು ಯಂತ್ರಕ್ಕೆ ಅದೇ ಡ್ರೈವ್ ಹಾಕಿದರೆ ಬಿಲ್ಲು ಒಂದು ರೂಪಾಯಿಯೂ ಇಳಿಯುವುದಿಲ್ಲ, ಬದಲಿಗೆ ಯಂತ್ರ ನಿಂತು ನಿಂತು ಓಡುತ್ತದೆ. ವ್ಯತ್ಯಾಸ ಮೋಟಾರಿನ ಬ್ರಾಂಡಿನದಲ್ಲ. ಅರೆ ಸ್ವಯಂಚಾಲಿತ ಘಟಕಗಳಲ್ಲಿ ಶಕ್ತಿ ಹೆಚ್ಚಾಗಿ ಸೋರುವುದು ಮೋಟಾರಿನ ಶಾಫ್ಟಿನಿಂದ ರೋಲಿನವರೆಗಿನ ಹಾದಿಯಲ್ಲಿ: ಬೆಲ್ಟ್, ಸ್ಲಿಪ್ ಕಪ್ಲಿಂಗ್, ಗೇರು, ಚೈನು, ಬೇರಿಂಗು. ಆ ಹಾದಿಯನ್ನು ಮೊದಲು ನೋಡಿ, ಮೋಟಾರನ್ನು ಆಮೇಲೆ ನೋಡಿ ಎಂಬುದೇ ಈ ಲೇಖನದ ವಾದ.

ಆಂಪಿಯರ್ ನೋಡಿ ಮೋಸಹೋಗಬೇಡಿ

ಎಲ್ಲ ಕಾರ್ಖಾನೆಯಲ್ಲೂ ಒಂದು ಕ್ಲ್ಯಾಂಪ್ ಮೀಟರ್ ಇರುತ್ತದೆ. ಎಲೆಕ್ಟ್ರಿಷಿಯನ್ ವೈರಿಗೆ ಅದನ್ನು ಹಾಕಿ "ಒಂಬತ್ತು ಆಂಪಿಯರ್ ಎಳೀತಿದೆ" ಎನ್ನುತ್ತಾನೆ. ಈ ಸಂಖ್ಯೆಯಿಂದ ಕರೆಂಟ್ ಖರ್ಚು ಗೊತ್ತಾಗುವುದಿಲ್ಲ. 10 ಎಚ್‌ಪಿ, ಅಂದರೆ 7.5 ಕಿಲೋವ್ಯಾಟಿನ ನಾಲ್ಕು ಪೋಲ್ ಮೋಟಾರು ಪೂರ್ತಿ ಲೋಡಿನಲ್ಲಿ ಸುಮಾರು 14 ಆಂಪಿಯರ್ ಎಳೆದರೆ, ಬೆಲ್ಟ್ ತೆಗೆದು ಖಾಲಿ ಓಡಿಸಿದಾಗಲೂ 5–6 ಆಂಪಿಯರ್ ಎಳೆಯುತ್ತದೆ. ಆದರೆ ಖಾಲಿ ಓಟದಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.2ರ ಆಸುಪಾಸಿಗೆ ಬಿದ್ದಿರುತ್ತದೆ. 415 ವೋಲ್ಟ್, 6 ಆಂಪಿಯರ್, 0.2 ಎಂದರೆ ಬರೀ 0.86 ಕಿಲೋವ್ಯಾಟ್. ಅದೇ 9 ಆಂಪಿಯರಿಗೆ ಪವರ್ ಫ್ಯಾಕ್ಟರ್ 0.65 ಇದ್ದರೆ 4.2 ಕಿಲೋವ್ಯಾಟ್. ಆಂಪಿಯರ್ ಒಂದೂವರೆ ಪಟ್ಟಾದಾಗ ಕಿಲೋವ್ಯಾಟ್ ಐದು ಪಟ್ಟು ಹತ್ತಿರ ಆಯಿತು. ಆದ್ದರಿಂದ ಕಿಲೋವ್ಯಾಟ್ ನೇರವಾಗಿ ತೋರಿಸುವ ಪವರ್ ಮೀಟರ್ ಬೇಕು. ಮೂರು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಸಹಿತ ಪ್ಯಾನೆಲ್ ಮೀಟರೊಂದನ್ನು ಹಲಗೆಗೆ ಕೂರಿಸಿ, ಯಂತ್ರದಿಂದ ಯಂತ್ರಕ್ಕೆ ಒಯ್ಯುವಂತೆ ಮಾಡಿಕೊಂಡರೂ ಸಾಕು.

ಪ್ರತಿ ಯಂತ್ರಕ್ಕೂ ನಾಲ್ಕು ಅಳತೆ ಬರೆದಿಡಿ. ಬೆಲ್ಟ್ ಬಿಚ್ಚಿ ಮೋಟಾರ್ ಮಾತ್ರ ಓಡಿದಾಗ ಎಷ್ಟು, ಬೆಲ್ಟ್ ಹಾಕಿ ಯಂತ್ರ ಖಾಲಿ ಓಡಿದಾಗ ಎಷ್ಟು, ಕಾಗದ ಹಾಕಿ ಮಾಮೂಲಿ ವೇಗದಲ್ಲಿ ಎಷ್ಟು, ಅತಿ ಭಾರದ ಬೋರ್ಡಿನಲ್ಲಿ ಎಷ್ಟು. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ ಬಹುಮಟ್ಟಿಗೆ ಬೆಲ್ಟ್, ಗೇರು, ಬೇರಿಂಗ್ ತಿನ್ನುವ ಶಕ್ತಿ. ರಟ್ಟಿಗೆ ತಲುಪದ ಕರೆಂಟ್ ಅದು. ಈ ಅಂತರ ದೊಡ್ಡದಿದ್ದರೆ ಹೊಸ ಮೋಟಾರಿನ ಕೊಟೇಶನ್ ಪಕ್ಕಕ್ಕಿಟ್ಟು ಫಿಟ್ಟರನ್ನು ಕರೆಯಿರಿ.

ಇದರ ಜೊತೆಗೆ ತಿಂಗಳ ಯೂನಿಟ್ಟನ್ನು ಆ ತಿಂಗಳು ಓಡಿಸಿದ ಕಾಗದದ ಟನ್ನಿನಿಂದ ಭಾಗಿಸಿ ಗೋಡೆಯ ಮೇಲೆ ಬರೆಯುವ ಅಭ್ಯಾಸ ಒಳ್ಳೆಯದು. ಬಿಲ್ಲಿನ ಮೊತ್ತ ಆರ್ಡರಿನ ಜೊತೆ ಏರಿಳಿಯುತ್ತದೆ. ಟನ್ನಿಗಿಷ್ಟು ಯೂನಿಟ್ ಎಂಬ ಸಂಖ್ಯೆ ಏರಿದರೆ ಮಾತ್ರ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ.

ಬೆಲ್ಟು: ಕಡಿಮೆ ಖರ್ಚು, ಬೇಗ ಫಲ

ಸರಿಯಾಗಿ ಬಿಗಿದ ಹೊಸ ವಿ-ಬೆಲ್ಟ್ ಶೇ. 95ಕ್ಕಿಂತ ಹೆಚ್ಚು ಶಕ್ತಿ ದಾಟಿಸುತ್ತದೆ. ಸಡಿಲಾದರೆ ಶೇ. 90ಕ್ಕೂ ಕೆಳಗಿಳಿಯಬಹುದು. ಜಾರುವಿಕೆ ಅಳೆಯುವುದು ಕಷ್ಟವಲ್ಲ. ಮೋಟಾರ್ ಪುಲ್ಲಿ 5 ಇಂಚು, ಯಂತ್ರದ ಪುಲ್ಲಿ 15 ಇಂಚು, ಮೋಟಾರಿನ ವೇಗ ನಿಮಿಷಕ್ಕೆ 1440 ಸುತ್ತು ಎಂದಿಟ್ಟುಕೊಳ್ಳಿ. ಯಂತ್ರದ ಶಾಫ್ಟು 480 ಸುತ್ತು ತಿರುಗಬೇಕು. ಟ್ಯಾಕೋಮೀಟರ್ 456 ತೋರಿಸಿದರೆ ಶೇ. 5 ಜಾರುತ್ತಿದೆ. 4 ಕಿಲೋವ್ಯಾಟ್ ಲೋಡಿನಲ್ಲಿ ಅದು 0.2 ಕಿಲೋವ್ಯಾಟ್. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಎಂದರೆ 480 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ 3,360 ರೂಪಾಯಿ. ಒಂದು ಯಂತ್ರದ್ದು ಇಷ್ಟು. ಬೆಲ್ಟ್ ಹಾಕಿದ ಯಂತ್ರಗಳು ಶೆಡ್ಡಿನಲ್ಲಿ ಎಷ್ಟಿವೆಯೋ ಎಣಿಸಿಕೊಳ್ಳಿ.

ಬಿಗಿತದ ಅಂದಾಜು: ಎರಡು ಪುಲ್ಲಿಗಳ ನಡುವಿನ ಬೆಲ್ಟಿನ ಉದ್ದದಲ್ಲಿ ಪ್ರತಿ 100 ಮಿಲಿಮೀಟರಿಗೆ 1.6 ಮಿಲಿಮೀಟರ್ ಬಾಗಬೇಕು. 600 ಮಿಲಿಮೀಟರ್ ಇದ್ದರೆ ನಡುಮಧ್ಯದಲ್ಲಿ ಸುಮಾರು 10 ಮಿಲಿಮೀಟರ್. ಎಷ್ಟು ಬಲ ಹಾಕಿದಾಗ ಎಂಬುದು ಬೆಲ್ಟ್ ತಯಾರಕರ ಪಟ್ಟಿಯಲ್ಲಿರುತ್ತದೆ. ಹೊಸ ಬೆಲ್ಟ್ ಮೊದಲ ಒಂದು ದಿನದ ಓಟದಲ್ಲೇ ಹಿಗ್ಗುತ್ತದೆ, ಆದ್ದರಿಂದ ಮರುದಿನ ಮತ್ತೆ ಬಿಗಿಯಬೇಕು. ಈ ಎರಡನೆಯ ಬಿಗಿತವನ್ನೇ ಹೆಚ್ಚಿನವರು ಮರೆಯುವುದು. ಮೂರು ಬೆಲ್ಟಿನ ಸೆಟ್ಟಿನಲ್ಲಿ ಒಂದು ಹರಿದಾಗ ಒಂದನ್ನೇ ಹೊಸದು ಹಾಕಿದರೆ, ಹಿಗ್ಗಿದ ಎರಡು ಸುಮ್ಮನೆ ತಿರುಗುತ್ತವೆ, ಹೊಸದೊಂದೇ ಭಾರ ಹೊತ್ತು ಬೇಗ ಹರಿಯುತ್ತದೆ. ಹಾಕಿದರೆ ಪೂರ್ತಿ ಸೆಟ್ಟೇ ಹಾಕಬೇಕು.

ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡನ್ನೂ ನೋಡಿ. ವಿ-ಬೆಲ್ಟ್ ಹಿಡಿಯುವುದು ತೋಡಿನ ಎರಡು ಪಕ್ಕಗಳಲ್ಲಿ, ತಳದಲ್ಲಿ ಅಲ್ಲ. ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಕೆಳಗೆ ಕೂತಿದೆ; ಎಷ್ಟು ಬಿಗಿದರೂ ಜಾರುತ್ತದೆ. ಆಗ ಬದಲಿಸಬೇಕಾದದ್ದು ಪುಲ್ಲಿ. ಜಾರುವ ಬೆಲ್ಟಿಗೆ ರಾಳ ಬಳಿಯುವುದು ನಮ್ಮಲ್ಲಿ ರೂಢಿ, ಅದನ್ನು ಬಿಡಲೇಬೇಕು. ರಾಳಕ್ಕೆ ಕಾಗದದ ಧೂಳು ಅಂಟಿ ತೋಡಿನೊಳಗೆ ಗಟ್ಟಿ ಪದರವಾಗುತ್ತದೆ. ಬಿ ಸೆಕ್ಷನ್ ಬೆಲ್ಟಿಗೆ 125 ಮಿಲಿಮೀಟರಿಗಿಂತ ಚಿಕ್ಕ ಪುಲ್ಲಿ ಹಾಕಿದ್ದರೂ ಬೆಲ್ಟ್ ಬಾಗುವಾಗಲೇ ಬಿಸಿಯಾಗಿ ಶಕ್ತಿ ತಿನ್ನುತ್ತದೆ. ಅಲ್ಲಿ ಒಳಮೈಯಲ್ಲಿ ಕಚ್ಚುಗಳಿರುವ ಕಾಗ್ಡ್ ಬೆಲ್ಟ್ ಹಾಕಿದರೆ, ಅದೇ ಪುಲ್ಲಿಯಲ್ಲಿ ಶೇ. 2–3 ಉಳಿಯುತ್ತದೆ.

ಹಲ್ಲಿನ ಟೈಮಿಂಗ್ ಬೆಲ್ಟು ಜಾರುವುದೇ ಇಲ್ಲ, ಶೇ. 97–98 ದಕ್ಷತೆ ಕೊನೆತನಕ ಉಳಿಸಿಕೊಳ್ಳುತ್ತದೆ. ಆದರೆ ಜಾರದಿರುವುದೇ ಕೆಲವು ಕಡೆ ಅಪಾಯ. ಬೋರ್ಡಿಗೆ ಮಡಿಕೆಯ ಗೆರೆ ಹಾಕುವ ರೋಟರಿ ಕ್ರೀಸಿಂಗಿನಲ್ಲಿ ಬೋರ್ಡ್ ಮಡಚಿ ಸಿಕ್ಕಿಬಿದ್ದಾಗ ವಿ-ಬೆಲ್ಟ್ ಜಾರಿ ಯಂತ್ರವನ್ನು ಉಳಿಸುತ್ತದೆ. ಅಲ್ಲಿ ಟೈಮಿಂಗ್ ಬೆಲ್ಟ್ ಹಾಕಿದರೆ ಪೆಟ್ಟು ನೇರವಾಗಿ ಕೀಲಿಗೋ ಗೇರಿನ ಹಲ್ಲಿಗೋ ಬೀಳುತ್ತದೆ. ಹಾಕುವುದಾದರೆ ಟಾರ್ಕ್ ಲಿಮಿಟರ್ ಸಹಿತ ಹಾಕಿ.

ಡೈನೋ ಡ್ರೈವ್ ಎಂಬ ದೊಡ್ಡ ತೂತು

ಹಳೆಯ ಸಿಂಗಲ್ ಫೇಸರ್ (ಕಾಗದವನ್ನು ಅಲೆಅಲೆಯಾಗಿಸಿ ಇನ್ನೊಂದು ಕಾಗದಕ್ಕೆ ಅಂಟಿಸುವ ಯಂತ್ರ), ಶೀಟ್ ಕಟರ್, ಪೇಸ್ಟಿಂಗ್ ಯಂತ್ರಗಳಲ್ಲಿ ವೇಗ ಹೆಚ್ಚು ಕಡಿಮೆ ಮಾಡಲು ಡೈನೋ ಡ್ರೈವ್ ಇರುತ್ತದೆ. ಮೋಟಾರು ಯಾವಾಗಲೂ 1440ರಲ್ಲೇ ತಿರುಗುತ್ತದೆ. ಅದರ ಶಾಫ್ಟಿಗೆ ಒಂದು ಡ್ರಮ್, ಡ್ರಮ್ಮಿನೊಳಗೆ ಕಾಯಿಲ್ ಬಲದ ಮೇಲೆ ತಿರುಗುವ ರೋಟರು. ಕಾಯಿಲಿಗೆ ಡಿಸಿ ಹೆಚ್ಚಿಸಿದಂತೆ ರೋಟರು ಡ್ರಮ್ಮಿನ ಜೊತೆ ಸಾಗುತ್ತದೆ, ಕಡಿಮೆ ಮಾಡಿದರೆ ಹಿಂದೆ ಬೀಳುತ್ತದೆ. ಹಿಂದೆ ಬಿದ್ದ ಅಷ್ಟೂ ವೇಗ ಬಿಸಿಯಾಗಿ ಹೋಗುತ್ತದೆ. ಲಾರಿಯನ್ನು ಹಾಫ್ ಕ್ಲಚ್ಚಿನಲ್ಲೇ ದಿನವಿಡೀ ಓಡಿಸಿದಂತೆ ಇದು.

ಇದರ ಲೆಕ್ಕದಲ್ಲಿ ವಾದಕ್ಕೆ ಜಾಗವಿಲ್ಲ. ಸ್ಲಿಪ್ ಕಪ್ಲಿಂಗಿನ ದಕ್ಷತೆ ಹೊರಬರುವ ವೇಗವನ್ನು ಒಳಹೋಗುವ ವೇಗದಿಂದ ಭಾಗಿಸಿದಷ್ಟೇ, ಅದಕ್ಕಿಂತ ಹೆಚ್ಚಾಗಲು ಸಾಧ್ಯವಿಲ್ಲ. ಅರ್ಧ ವೇಗದಲ್ಲಿ ಅರ್ಧ ಶಕ್ತಿ ನಷ್ಟ. ನಮ್ಮ ಕಡೆಯ ಸಿಂಗಲ್ ಫೇಸರುಗಳು ಪೂರ್ತಿ ವೇಗದಲ್ಲಿ ಓಡುವುದು ಅಪರೂಪ. ಕಾಗದದ ತೇವ, ಅಂಟು ಒಣಗುವ ಹೊತ್ತು, ರೋಲಿನ ಬಿಸಿ ಎಲ್ಲ ಸೇರಿ ಅರ್ಧದಿಂದ ಮುಕ್ಕಾಲು ವೇಗದಲ್ಲೇ ಕಟ್ಟಿಹಾಕುತ್ತವೆ.

ಶೇ. 60 ವೇಗದಲ್ಲಿ ರೋಲುಗಳಿಗೆ 3 ಕಿಲೋವ್ಯಾಟ್ ಬೇಕು ಎಂದುಕೊಳ್ಳಿ. ಕಪ್ಲಿಂಗಿಗೆ ಮೋಟಾರು ಕೊಡಬೇಕಾದ್ದು 3 ಭಾಗಿಸು 0.6, ಅಂದರೆ 5 ಕಿಲೋವ್ಯಾಟ್. ಮೋಟಾರಿನ ದಕ್ಷತೆ ಶೇ. 86 ಆದರೆ ಲೈನಿನಿಂದ 5.8 ಕಿಲೋವ್ಯಾಟ್. ಅದೇ ಯಂತ್ರಕ್ಕೆ ಮೋಟಾರಿನ ವೇಗವನ್ನೇ ಬದಲಿಸುವ ವಿಎಫ್‌ಡಿ ಹಾಕಿ ಕಪ್ಲಿಂಗ್ ಕಿತ್ತುಹಾಕಿದರೆ, ವಿಎಫ್‌ಡಿಗೆ ಶೇ. 97, ಮೋಟಾರಿಗೆ ಶೇ. 88 ಹಿಡಿದು, 3.5 ಕಿಲೋವ್ಯಾಟ್. ಉಳಿತಾಯ 2.3 ಕಿಲೋವ್ಯಾಟ್, 2,400 ಗಂಟೆಗೆ 5,520 ಯೂನಿಟ್, 7 ರೂಪಾಯಿಯಂತೆ 38,640 ರೂಪಾಯಿ. ಮೂವತ್ತು ಪರ್ಸೆಂಟಿನ ಭರವಸೆಯನ್ನೂ ದಾಟಿದ ಉಳಿತಾಯ ಇದು, ಅದಕ್ಕೆ ಕಾರಣ ಡ್ರೈವಿನ ಮಹಿಮೆಯಲ್ಲ, ತೆಗೆದುಹಾಕಿದ ಕಪ್ಲಿಂಗು. ಕಾರ್ಖಾನೆಯಲ್ಲಿ ಒಂದೇ ಒಂದು ಕಡೆ ದುಡ್ಡು ಹಾಕಲು ಸಾಧ್ಯವಾದರೆ ಇಲ್ಲಿ ಹಾಕಿ.

ಪಿಐವಿ ಗೇರ್‌ಬಾಕ್ಸ್ ಇರುವವರು ಇದೇ ಲೆಕ್ಕ ಹಾಕಿಕೊಳ್ಳಬಾರದು. ಅದು ಚೈನಿನ ಮೂಲಕ ವೇಗದ ಅನುಪಾತ ಬದಲಿಸುತ್ತದೆಯೇ ಹೊರತು ಸ್ಲಿಪ್ಪಿನಂತೆ ಶಕ್ತಿ ಸುಡುವುದಿಲ್ಲ. ಅದನ್ನು ತೆಗೆದರೆ ಉಳಿಯುವುದು ಮುಖ್ಯವಾಗಿ ರಿಪೇರಿ ಖರ್ಚು.

ಬದಲಿಸುವಾಗ ಎಡವುವ ಕಡೆಗಳಿವೆ. 7.5 ಕಿಲೋವ್ಯಾಟಿನ ನಾಲ್ಕು ಪೋಲ್ ಮೋಟಾರು ಸಾಮಾನ್ಯವಾಗಿ 132ಎಂ ಫ್ರೇಮಿನದು: ಶಾಫ್ಟಿನ ಎತ್ತರ 132 ಮಿಲಿಮೀಟರ್, ದಪ್ಪ 38 ಮಿಲಿಮೀಟರ್, ಕೀಲಿ 10×8. ಡೈನೋ ಡ್ರೈವಿನ ಔಟ್‌ಪುಟ್ ಶಾಫ್ಟು ಬೇರೆ ಎತ್ತರದಲ್ಲಿ, ಬೇರೆ ಅಳತೆಯಲ್ಲಿರುತ್ತದೆ. ಬೇಸ್ ಪ್ಲೇಟಿನ ಪ್ಯಾಕಿಂಗು, ಪುಲ್ಲಿಯ ಬೋರು ಮೊದಲೇ ಸಿದ್ಧವಿಲ್ಲದಿದ್ದರೆ ಒಂದು ದಿನದ ಕೆಲಸ ಮೂರು ದಿನಕ್ಕೆ ಹೋಗುತ್ತದೆ. ಯಂತ್ರ ಹೆಚ್ಚು ಹೊತ್ತು 25–30 ಹರ್ಟ್ಸಿನಲ್ಲೇ (ಪೂರ್ತಿ ವೇಗಕ್ಕೆ 50 ಹರ್ಟ್ಸ್) ಓಡುವುದಾದರೆ ಪುಲ್ಲಿಯ ಅನುಪಾತವನ್ನೂ ಬದಲಿಸಿ, ಮಾಮೂಲಿ ವೇಗದಲ್ಲಿ ಮೋಟಾರು 40–45 ಹರ್ಟ್ಸಿನಲ್ಲಿರುವಂತೆ ಮಾಡಿ. ರೋಲಿಗೆ ಟಾರ್ಕ್ ಹೆಚ್ಚು ಸಿಗುತ್ತದೆ, ಮೋಟಾರಿನ ಫ್ಯಾನಿಗೂ ಗಾಳಿ ಬೀಸುವಷ್ಟು ವೇಗವಿರುತ್ತದೆ.

ನಿಲ್ಲಿಸುವ ವಿಷಯ ಎಲ್ಲಕ್ಕಿಂತ ದೊಡ್ಡದು, ಏಕೆಂದರೆ ಅಲ್ಲಿ ಕೈ ಇಡುವವರು ಮನುಷ್ಯರು. ಹಳೆಯ ಡ್ರೈವಿನಲ್ಲಿ ಬ್ರೇಕ್ ಇದ್ದು, ಹೊಸ ವ್ಯವಸ್ಥೆಯಲ್ಲಿ ಇಲ್ಲದಿದ್ದರೆ ರೋಲು ನಿಲ್ಲಲು ಹೆಚ್ಚು ಹೊತ್ತು ಹಿಡಿಯುತ್ತದೆ. ವಿಎಫ್‌ಡಿ ಟ್ರಿಪ್ ಆದಾಗಲಂತೂ ರೋಲು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಬ್ರೇಕಿಂಗ್ ರೆಸಿಸ್ಟರ್ ಹಾಕಿಸಿ. ಎಮರ್ಜೆನ್ಸಿ ಒತ್ತಿದಾಗ ಎಷ್ಟು ಸೆಕೆಂಡಿನಲ್ಲಿ ನಿಲ್ಲುತ್ತದೆ ಎಂದು ಹಳೆಯದರಲ್ಲೂ ಹೊಸದರಲ್ಲೂ ಅಳೆಯಿರಿ. ಹೊಸದು ನಿಧಾನವಾದರೆ ಕೆಲಸ ಮುಗಿದಿಲ್ಲ ಎಂದೇ ತಿಳಿಯಿರಿ. ಕರೆಂಟ್ ಹೋದರೂ ಹಿಡಿಯುವ ಮೆಕ್ಯಾನಿಕಲ್ ಬ್ರೇಕು, ರೋಲುಗಳ ಬಾಯಿಗೆ ಗಾರ್ಡು ಇದ್ದೇ ತೀರಬೇಕು.

ರೋಲಿನ ಬಿಸಿ, ಗ್ರೀಸು, ಒತ್ತಡ

ಸಿಂಗಲ್ ಫೇಸರಿನ ಫ್ಲೂಟ್ (ಅಲೆ) ಮೂಡಿಸುವ ರೋಲುಗಳು 160–180 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಓಡುತ್ತವೆ. ವಿದ್ಯುತ್ ಹೀಟರಿನ ಯಂತ್ರವಾದರೆ ಹೀಟರಿನ ಕಿಲೋವ್ಯಾಟು ಮೋಟಾರಿನದಕ್ಕಿಂತ ಹೆಚ್ಚೇ ಇರುತ್ತದೆ. ಮೋಟಾರಿನ ಕಡೆ ಎರಡು ಕಿಲೋವ್ಯಾಟ್ ಉಳಿಸಿ, ರೋಲಿನ ಕೊನೆಗಳಿಂದ ಸೋರುವ ಬಿಸಿಯನ್ನು ಹಾಗೇ ಬಿಟ್ಟರೆ ಕೆಲಸ ಅರ್ಧವಾಯಿತು. ಹಾಗೆಂದು ಎರಡೂ ಬೇರೆ ಬೇರೆ ವಿಷಯಗಳೂ ಅಲ್ಲ.

ಬಿಸಿಯಾದ ರೋಲನ್ನು ನಿಲ್ಲಿಸಿದರೆ ಒಂದು ಮಗ್ಗುಲು ಹೆಚ್ಚು ಕಾದು ರೋಲು ಬಿಲ್ಲಿನಂತೆ ಬಾಗುತ್ತದೆ. ಅದಕ್ಕೇ ಟೀ ಬಿಡುವಿನಲ್ಲೂ ಯಂತ್ರವನ್ನು ಓಡಿಸುತ್ತಲೇ ಇರುತ್ತಾರೆ. ವಿಎಫ್‌ಡಿ ಇದ್ದರೆ ಒತ್ತಡ ತೆಗೆದು 8–10 ಹರ್ಟ್ಸಿನಲ್ಲಿ ಮೆಲ್ಲಗೆ ಉರುಳಿಸಬಹುದು, ಭಾರವಿಲ್ಲದ್ದರಿಂದ ಮೋಟಾರಿಗೆ ಅಷ್ಟು ಹೊತ್ತು ತೊಂದರೆಯಿಲ್ಲ. ಇದೇ ವೇಗದಲ್ಲಿ ಕಾಗದ ಹಾಕಿ ಗಂಟೆಗಟ್ಟಲೆ ಓಡಿಸುವುದಾದರೆ ಮೋಟಾರಿನ ಹಿಂದೆ ಬೇರೆ ಸಪ್ಲೈನಲ್ಲಿ ಓಡುವ ಫ್ಯಾನ್ ಬೇಕು. ಗೇರ್‌ಬಾಕ್ಸಿನ ಆಯಿಲು ಗೇರಿನ ಹೊಡೆತಕ್ಕೆ ಚಿಮ್ಮಿ ಮೇಲಿನ ಬೇರಿಂಗಿಗೆ ತಲುಪುವಂಥದ್ದಾದರೆ, ತೀರಾ ನಿಧಾನ ಓಟದಲ್ಲಿ ಅದು ಚಿಮ್ಮುವುದಿಲ್ಲ ಎಂಬುದೂ ನೆನಪಿರಲಿ.

ರೋಲಿನ ಬೇರಿಂಗಿಗೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಲಿಥಿಯಂ ಗ್ರೀಸ್ ತುಂಬುವುದನ್ನು ಕಾಣುತ್ತೇವೆ. ಅದರ ತಾಳಿಕೆ ಸುಮಾರು 120–130 ಡಿಗ್ರಿವರೆಗೆ. 170ರಲ್ಲಿ ಅದರ ಎಣ್ಣೆ ಸೋರಿಹೋಗಿ ಸೋಪಿನ ಕರಿ ಮುದ್ದೆ ಉಳಿಯುತ್ತದೆ, ಬೇರಿಂಗ್ ಒಣಗಿ ಎಳೆತ ಹೆಚ್ಚುತ್ತದೆ. ಮೋಟಾರು ಟ್ರಿಪ್ ಆದಾಗ ದೂರು ಬರುವುದು ಮೋಟಾರಿನ ಮೇಲೆ. 12.5 ಎಚ್‌ಪಿ ಹಾಕೋಣ ಎಂಬ ಮಾತು ಹುಟ್ಟುವುದೂ ಆಗಲೇ. ಆ ಬಿಸಿಗೇ ತಯಾರಾದ ಗ್ರೀಸನ್ನು, ಅದೂ ಹಳೆಯದನ್ನು ಪೂರ್ತಿ ತೊಳೆದು, ತುಂಬಬೇಕು. ಎರಡು ಜಾತಿಯ ಗ್ರೀಸ್ ಬೆರೆತರೆ ಎರಡೂ ಕೆಡುತ್ತವೆ.

ರೋಲುಗಳ ನಡುವಿನ ಒತ್ತಡವೂ ಹಾಗೇ. ಫ್ಲೂಟಿನ ತುದಿ ಸವೆದ ರೋಲಿನಲ್ಲಿ ಅಂಟು ಹಿಡಿಯುವುದಿಲ್ಲವೆಂದು ಆಪರೇಟರು ಒತ್ತಡ ಏರಿಸುತ್ತಾನೆ, ಒತ್ತಡಕ್ಕೆ ಫ್ಲೂಟು ಇನ್ನಷ್ಟು ಸವೆಯುತ್ತದೆ, ಕಿಲೋವ್ಯಾಟು ಏರುತ್ತದೆ. ಪವರ್ ಮೀಟರಿನ ಮುಳ್ಳು ರೋಲಿನ ಪ್ರತಿ ಸುತ್ತಿಗೂ ಒಮ್ಮೆ ಏರಿಳಿಯುತ್ತಿದ್ದರೆ ರೋಲು ಬಾಗಿದೆ ಅಥವಾ ಬೇರಿಂಗ್ ಕೂತಿದೆ. ರೋಲು ತಣ್ಣಗಿದ್ದು, ಯಂತ್ರದ ಮೇನ್ ಸ್ವಿಚ್ಚಿಗೆ ಬೀಗ ಹಾಕಿದಾಗ ಬಿಳಿ ಕಾಗದದ ಜೊತೆ ಕಾರ್ಬನ್ ಪೇಪರ್ ಇಟ್ಟು ರೋಲುಗಳನ್ನು ಒತ್ತಿ ತೆಗೆಯಿರಿ. ಎಡಗಡೆ ದಪ್ಪ, ಬಲಗಡೆ ತೆಳು ಗುರುತು ಬಿದ್ದರೆ ರೋಲುಗಳು ಸಮಾನಾಂತರವಾಗಿಲ್ಲ. ಇದನ್ನು ಸರಿಪಡಿಸದೆ ಯಾವ ಡ್ರೈವ್ ಹಾಕಿದರೂ ವ್ಯರ್ಥ.

ಚೈನಿನ ವಿಷಯ ಚುಟುಕಾಗಿ: ಮುಕ್ಕಾಲಿಂಚಿನ ಚೈನಿನಲ್ಲಿ ಹತ್ತು ಪಿಚ್ಚು 190.5 ಮಿಲಿಮೀಟರ್. ಎಳೆದು ಹಿಡಿದು ಅಳೆದಾಗ 196 ದಾಟಿದರೆ ಶೇ. 3 ಹಿಗ್ಗಿದೆ, ಬದಲಿಸಿ. ಆಯಿಲ್ ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚಿ. ಸುರಿದರೆ ಕಾಗದದ ಧೂಳು ಸೇರಿ ಅರೆಯುವ ಲೇಪವಾಗುತ್ತದೆ, ಶೀಟಿಗೂ ಕಲೆ.

ಪಂಚಿಂಗ್ ಪ್ರೆಸ್ಸಿಗೆ ಬೇರೆಯೇ ಧರ್ಮ

ಡೈ ಪಂಚಿಂಗ್ ಪ್ರೆಸ್ಸಿನಲ್ಲಿ ಬೋರ್ಡನ್ನು ಕತ್ತರಿಸುವುದು ಮೋಟಾರಲ್ಲ, ಫ್ಲೈವೀಲು. ಮೋಟಾರು ಎರಡು ಹೊಡೆತಗಳ ನಡುವೆ ಅದಕ್ಕೆ ಶಕ್ತಿ ತುಂಬುತ್ತಿರುತ್ತದೆ, ಅಷ್ಟೆ. ಫ್ಲೈವೀಲಿನಲ್ಲಿರುವ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ. ಹೊಡೆತದಲ್ಲಿ ಅದರ ವೇಗ ಶೇ. 10 ಇಳಿದರೆ ಶೇ. 19 ಶಕ್ತಿ ಹೊರಬರುತ್ತದೆ.

ಇಲ್ಲಿಗೆ ವಿಎಫ್‌ಡಿ ತಂದು 40 ಹರ್ಟ್ಸಿಗೆ ಇಳಿಸಿದರೆ ಏನಾಗುತ್ತದೆ? ವೇಗ ಶೇ. 80, ಶಕ್ತಿ ಶೇ. 64. ಮೂರು ಪದರದ ಬೋರ್ಡು ಹೇಗೋ ಕತ್ತರಿಸುತ್ತದೆ, ಐದು ಪದರದ್ದು ಬಂದಾಗ ಪ್ಲೇಟನ್ ನಡುವೆಯೇ ಕಚ್ಚಿ ನಿಲ್ಲುತ್ತದೆ. ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ವೆಕ್ಟರ್ ಮೋಡಿನಲ್ಲಿರುವ, ಅಥವಾ ಸ್ಲಿಪ್ ಕಾಂಪನ್ಸೇಷನ್ ಆನ್ ಆಗಿರುವ ಡ್ರೈವು ವೇಗ ಇಳಿಯಲು ಬಿಡುವುದೇ ಇಲ್ಲ. ಹೊಡೆತ ಬಿದ್ದ ಕ್ಷಣದಲ್ಲಿ ವೇಗ ಹಿಡಿದಿಡಲು ಕರೆಂಟ್ ಒಮ್ಮೆಲೇ ಏರಿಸುತ್ತದೆ, ಫ್ಲೈವೀಲಿಗೆ ತನ್ನ ಕೆಲಸ ಮಾಡಲು ಅವಕಾಶವೇ ಸಿಗುವುದಿಲ್ಲ. ಓವರ್ ಕರೆಂಟ್ ಟ್ರಿಪ್ ಆಗುತ್ತದೆ. ಪ್ರೆಸ್ಸಿಗೆ ಡ್ರೈವ್ ಹಾಕಲೇಬೇಕಾದರೆ ಸರಳ ವಿ-ಬೈ-ಎಫ್ ಮೋಡು, ಸ್ಲಿಪ್ ಕಾಂಪನ್ಸೇಷನ್ ಆಫ್, 45 ಹರ್ಟ್ಸಿಗಿಂತ ಕೆಳಗೆ ಬೇಡ. ನಮ್ಮ ಅಭಿಪ್ರಾಯದಲ್ಲಿ ಪ್ರೆಸ್ಸಿಗೆ ಡ್ರೈವ್ ಬೇಡವೇ ಬೇಡ. ಚೂಪಾದ ರೂಲು (ಡೈಯ ಕತ್ತರಿಸುವ ಪಟ್ಟಿ), ಸರಿಯಾದ ಮೇಕ್‌ರೆಡಿ (ಡೈಯ ಒತ್ತಡ ಎಲ್ಲೆಡೆ ಸಮ ಮಾಡುವ ಹೊಂದಿಕೆ), ಬಿಗಿಯಾದ ಬೆಲ್ಟು, ಇವೇ ಅದರ ಉಳಿತಾಯ.

ಪ್ರೆಸ್ಸಿನಲ್ಲೂ ಕ್ರೀಸಿಂಗಿನಲ್ಲೂ ಖಾಲಿ ಓಟ ಬಹಳ. ಡೈ ಬದಲಿಸುವಾಗ, ಶೀಟ್ ಬರುವವರೆಗೆ ಕಾಯುವಾಗ ಮೋಟಾರು ತಿರುಗುತ್ತಲೇ ಇರುತ್ತದೆ. ಖಾಲಿ ಓಟ 1 ಕಿಲೋವ್ಯಾಟ್ ಎಳೆದು, ದಿನಕ್ಕೆ ಮೂರು ಗಂಟೆ ಹೀಗಿದ್ದರೆ ವರ್ಷಕ್ಕೆ 900 ಯೂನಿಟ್, 6,300 ರೂಪಾಯಿ. ಹತ್ತು ನಿಮಿಷಕ್ಕಿಂತ ಹೆಚ್ಚು ಖಾಲಿ ಇದ್ದರೆ ಆಫ್ ಮಾಡುವ ಟೈಮರ್ ರಿಲೇ ಕೆಲವೇ ತಿಂಗಳಲ್ಲಿ ಹಣ ಹಿಂದಿರುಗಿಸುತ್ತದೆ. ಆದರೆ ಎರಡು ನಿಮಿಷದ ಬಿಡುವಿಗೂ ಪ್ರೆಸ್ ಆಫ್ ಮಾಡಬೇಡಿ. ಭಾರದ ಫ್ಲೈವೀಲನ್ನು ಪ್ರತಿಸಲ ಮೊದಲಿನಿಂದ ತಿರುಗಿಸುವಾಗ ಮೋಟಾರಿನ ರೋಟರು ಬಿಸಿಯಾಗುತ್ತದೆ. ಗಂಟೆಗೆ ಹತ್ತು ಸಲ ಹೀಗಾದರೆ ವೈಂಡಿಂಗ್ ಸುಡುತ್ತದೆ. ಡೈ ಬದಲಿಸುವಾಗಲಂತೂ ಟೈಮರನ್ನು ನಂಬದೆ ಮೇನ್ ಸ್ವಿಚ್ಚಿಗೇ ಬೀಗ ಹಾಕಬೇಕು. ಫ್ಲೈವೀಲು ಪೂರ್ತಿ ನಿಂತ ಮೇಲೇ ಒಳಗೆ ಕೈ ಹಾಕಬೇಕು.

ವರ್ಮ್ ಗೇರು, ಬ್ಲೋವರು

ಕನ್ವೇಯರ್, ಸ್ಟ್ಯಾಕರ್‌ಗಳಲ್ಲಿ ವರ್ಮ್ ಗೇರ್‌ಬಾಕ್ಸ್ ಸಾಮಾನ್ಯ. 10:1 ಅನುಪಾತದಲ್ಲಿ ಅದರ ದಕ್ಷತೆ ಶೇ. 85ರ ಆಸುಪಾಸು, 60:1ರಲ್ಲಿ ಶೇ. 65ರ ಆಸುಪಾಸು. ಹೆಲಿಕಲ್ ಬೆವೆಲ್ ಗೇರ್‌ಬಾಕ್ಸು ಶೇ. 94–95. ಕೇಳಲು ದೊಡ್ಡ ಅಂತರ. ಆದರೆ ಅರ್ಧ ಕಿಲೋವ್ಯಾಟ್ ಬೇಕಾದ ಕನ್ವೇಯರಿನಲ್ಲಿ ಉಳಿಯುವುದು 0.24 ಕಿಲೋವ್ಯಾಟ್, ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿ. ಓಡುತ್ತಿರುವ ವರ್ಮ್ ಬಾಕ್ಸನ್ನು ಕಿತ್ತೆಸೆಯುವಷ್ಟು ಇದಲ್ಲ. ಕೆಟ್ಟಾಗ ಹೆಲಿಕಲ್ ಹಾಕಿದರಾಯಿತು. ಮೇಲೆತ್ತುವ ಸ್ಟ್ಯಾಕರಿನಲ್ಲಿ ಮಾತ್ರ ಎಚ್ಚರ. ಹೆಚ್ಚು ಅನುಪಾತದ ವರ್ಮ್ ಗೇರು ಸಾಮಾನ್ಯವಾಗಿ ಹಿಂದಕ್ಕೆ ತಿರುಗದೆ ಭಾರವನ್ನು ಹಿಡಿದಿರುತ್ತದೆ. ಹೆಲಿಕಲ್ ಹಿಡಿಯುವುದಿಲ್ಲ, ಬ್ರೇಕ್ ಮೋಟಾರ್ ಇಲ್ಲದೆ ಹಾಕಿದರೆ ಶೀಟಿನ ರಾಶಿ ಕೆಳಗೆ ಬೀಳುತ್ತದೆ.

ಟ್ರಿಮ್ (ಕತ್ತರಿಸಿ ಉಳಿದ ರಟ್ಟಿನ ಚೂರು) ಎಳೆಯುವ ಬ್ಲೋವರ್ ಇರುವ ದೊಡ್ಡ ಘಟಕಗಳಿಗೆ ವಿಎಫ್‌ಡಿ ನಿಜವಾಗಿ ಹೊಂದುತ್ತದೆ. ಬ್ಲೋವರಿನ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ: ವೇಗ ಶೇ. 10 ಇಳಿಸಿದರೆ ಶಕ್ತಿ ಶೇ. 27 ಕಡಿಮೆ. ಮಿತಿ ಏನೆಂದರೆ ಪೈಪಿನಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 18–20 ಮೀಟರಿಗಿಂತ ಇಳಿದರೆ ರಟ್ಟಿನ ಚೂರು ಬಾಗಿನಲ್ಲಿ ಕೂತು ಪೈಪ್ ಕಟ್ಟುತ್ತದೆ.

ಮೋಟಾರು ಬದಲಿಸುವಾಗ

7.5 ಕಿಲೋವ್ಯಾಟಿನ ನಾಲ್ಕು ಪೋಲ್ ಮೋಟಾರಿಗೆ ಐಇ1ರಲ್ಲಿ ಶೇ. 86.0, ಐಇ2ರಲ್ಲಿ 88.7, ಐಇ3ರಲ್ಲಿ 90.4, ಐಇ4ರಲ್ಲಿ 92.6 ದಕ್ಷತೆ ಇರಬೇಕೆಂಬುದು ಮಾನದಂಡ. ಹಳೆಯ ಐಇ1 ತೆಗೆದು ಐಇ3 ಹಾಕಿದರೆ, ಮುಕ್ಕಾಲು ಲೋಡಿನಲ್ಲಿ, 2,400 ಗಂಟೆಗೆ ಉಳಿಯುವುದು ಸುಮಾರು 765 ಯೂನಿಟ್, 5,350 ರೂಪಾಯಿ. ಡೈನೋ ಡ್ರೈವ್ ಕಿತ್ತದ್ದರ ಏಳರಲ್ಲೊಂದು ಭಾಗ. ಚೆನ್ನಾಗಿ ಓಡುತ್ತಿರುವ ಮೋಟಾರನ್ನು ಇಷ್ಟಕ್ಕಾಗಿ ಬಿಸಾಡುವುದು ಒಂದು ಶಿಫ್ಟಿನ ಕಾರ್ಖಾನೆಗೆ ಸರಿಹೋಗದು. ಮೂರು ಶಿಫ್ಟಿನವರಿಗೆ ಸರಿಹೋಗುತ್ತದೆ. ಸುಟ್ಟ ಮೋಟಾರಿನ ವಿಷಯ ಬೇರೆ. ಹಳೆಯ ವೈಂಡಿಂಗ್ ತೆಗೆಯಲು ಗ್ಯಾಸ್ ಬರ್ನರ್ ಹಿಡಿದು ಕಾಯಿಸಿದರೆ ಸ್ಟಾಂಪಿಂಗ್ ತಗಡುಗಳ ನಡುವಿನ ಪದರ ಸುಟ್ಟು ಮೋಟಾರು ಖಾಲಿ ಓಟದಲ್ಲೇ ಹೆಚ್ಚು ಎಳೆಯತೊಡಗುತ್ತದೆ. ಎರಡು ಮೂರು ಸಲ ಹಾಗೆ ರಿವೈಂಡ್ ಆದದ್ದು ಮತ್ತೆ ಸುಟ್ಟರೆ ಹೊಸ ಐಇ3 ತರುವುದೇ ಲಾಭ.

ಐಇ3 ಮೋಟಾರು ತುಸು ಹೆಚ್ಚು ವೇಗದಲ್ಲಿ ತಿರುಗುತ್ತದೆ, ಸ್ಟಾರ್ಟಿಂಗ್ ಕರೆಂಟೂ ಹೆಚ್ಚು. 1440ರ ಜಾಗದಲ್ಲಿ 1460 ಆದರೆ ಬ್ಲೋವರಿಗೆ ಶೇ. 4ರಷ್ಟು ಹೆಚ್ಚು ಶಕ್ತಿ ಬೇಕು, ಉಳಿಸಿದ್ದು ಬಹುಮಟ್ಟಿಗೆ ಅಲ್ಲೇ ಹೋಯಿತು. ಪುಲ್ಲಿಯನ್ನು ಅಷ್ಟು ಚಿಕ್ಕದು ಮಾಡಿ ಹಾಕಬೇಕು.

ಲೈನಿನ ವೋಲ್ಟೇಜನ್ನೂ ಅಳೆಯಿರಿ. ಮೂರು ಫೇಸಿನ ನಡುವೆ ಶೇ. 3.5 ಅಸಮತೋಲ ಇದ್ದರೆ ಮೋಟಾರಿನ ಬಿಸಿ ಸುಮಾರು ಕಾಲು ಭಾಗ ಹೆಚ್ಚು ಏರುತ್ತದೆ. ವೋಲ್ಟೇಜು ಶೇ. 10 ಇಳಿದರೆ ಟಾರ್ಕು ಶೇ. 19 ಇಳಿಯುತ್ತದೆ.

ವಿಎಫ್‌ಡಿ ಸುಡಲು ನಮ್ಮಲ್ಲಿ ಮೂರು ಕಾರಣ ಸಾಮಾನ್ಯ. ಮೋಟಾರಿನ ಟರ್ಮಿನಲ್ಲಿಗೆ ಮೊದಲೇ ಹಾಕಿದ್ದ ಕೆಪಾಸಿಟರನ್ನು ತೆಗೆಯದೆ ಡ್ರೈವ್ ಜೋಡಿಸುವುದು ಮೊದಲನೆಯದು. ಡ್ರೈವಿನ ಔಟ್‌ಪುಟ್ ಕಡೆ ಕೆಪಾಸಿಟರ್ ಇರಲೇಬಾರದು. ಎರಡನೆಯದು ಕಾಗದದ ಧೂಳು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಹತ್ತಿಯಂತೆ ತುಂಬುತ್ತದೆ, ಅಂಟು ಕುದಿಸುವ ಜಾಗದ ಹಬೆ ಅದನ್ನು ಮೆತ್ತಿಸಿ ಗಟ್ಟಿ ಮಾಡುತ್ತದೆ. ಪ್ಯಾನೆಲನ್ನು ಫಿಲ್ಟರ್ ಸಹಿತ, ಅಂಟಿನ ಮನೆಯಿಂದ ದೂರ ಇಡಿ, ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ಸ್ವಚ್ಛ ಮಾಡಿ. ಮೂರನೆಯದು ಹಗುರ ಲೋಡಿನ, ಫ್ಯಾನ್-ಪಂಪಿಗೆ ಮಾಡಿದ ಡ್ರೈವನ್ನು ಸಿಂಗಲ್ ಫೇಸರಿಗೆ ಹಾಕುವುದು. ತಣ್ಣನೆಯ ರೋಲು ಹೊರಡುವಾಗ ಹೆಚ್ಚು ಟಾರ್ಕ್ ಕೇಳುತ್ತದೆ, ಶೇ. 150 ಕರೆಂಟನ್ನು 60 ಸೆಕೆಂಡ್ ತಾಳುವ ಹೆವಿ ಡ್ಯೂಟಿ ರೇಟಿಂಗಿನದೇ ಬೇಕು. ಹಳೆಯ ರಿವೈಂಡ್ ಮೋಟಾರಿಗೆ ಡ್ರೈವ್ ಜೋಡಿಸಿದರೆ ಸುಡುವುದು ಡ್ರೈವಲ್ಲ, ಮೋಟಾರು. ಡ್ರೈವಿನ ಚೂಪು ವೋಲ್ಟೇಜನ್ನು ಹಳೆಯ ವಾರ್ನಿಷ್ ತಾಳುವುದಿಲ್ಲ. ಸದಾ 50 ಹರ್ಟ್ಸಿನಲ್ಲೇ, ಒಂದೇ ಲೋಡಿನಲ್ಲಿ ಓಡುವ ಯಂತ್ರಕ್ಕಂತೂ ವಿಎಫ್‌ಡಿ ಬೇಡ, ತನ್ನದೇ ಶೇ. 3 ನಷ್ಟವನ್ನು ಬಿಲ್ಲಿಗೆ ಸೇರಿಸುತ್ತದೆ.

ಚಾವಣಿಯ ಮೇಲೆ ಸೋಲಾರ್ ಹಾಕಿಸಿದವರಿಗೆ ಇನ್ನೊಂದು ಮಾತು. ಸೋಲಾರು ಕಿಲೋವ್ಯಾಟ್ ಕೊಡುತ್ತದೆ, ಖಾಲಿ ಓಡುವ ಮೋಟಾರುಗಳು ಎಳೆಯುವ ರಿಯಾಕ್ಟಿವ್ ಕರೆಂಟು ಮಾತ್ರ ಬೆಸ್ಕಾಂ ಲೈನಿನಿಂದಲೇ ಬರುತ್ತದೆ. ಮೀಟರಿನಲ್ಲಿ ಪವರ್ ಫ್ಯಾಕ್ಟರ್ ಕುಸಿದು, ಎಲ್‌ಟಿ ಕೈಗಾರಿಕೆಗೆ ಇರುವ 0.85ರ ಮಿತಿ ದಾಟಿ ದಂಡ ಬೀಳುತ್ತದೆ. ಸೋಲಾರ್ ಬಂದ ಮೇಲೆ ಕೆಪಾಸಿಟರ್ ಪ್ಯಾನೆಲನ್ನು ಹೊಸದಾಗಿ ಲೆಕ್ಕ ಹಾಕಿಸಿ.

ಹಣದ ಲೆಕ್ಕ

ಮೇಲಿನ ಲೆಕ್ಕಗಳೆಲ್ಲ 2,400 ಗಂಟೆಯವು. ಶ್ರೀನಿವಾಸಪುರದ ಬಾದಾಮಿ ಮಾವಿನ ಡಬ್ಬವನ್ನೇ ನಂಬಿದ ಘಟಕ ಎರಡು ಮೂರು ತಿಂಗಳು ಹಗಲು ರಾತ್ರಿ ಓಡಿ, ಉಳಿದ ಕಾಲ ಅರ್ಧ ಶಿಫ್ಟಿಗೆ ಇಳಿಯುತ್ತದೆ. ವೇಮಗಲ್, ನರಸಾಪುರದ ಕಾರ್ಖಾನೆಗಳಿಗೆ ಡಬ್ಬ ಕೊಡುವ ಘಟಕ ವರ್ಷವಿಡೀ ಒಂದೇ ಸಮ ಓಡುತ್ತದೆ. ಒಂದೇ ಡ್ರೈವು ಇಬ್ಬರಿಗೂ ಒಂದೇ ಅವಧಿಯಲ್ಲಿ ಹಣ ಹಿಂದಿರುಗಿಸುವುದಿಲ್ಲ. ಉಳಿಯುವ ಕಿಲೋವ್ಯಾಟು, ನಿಮ್ಮ ಯಂತ್ರದ ನಿಜವಾದ ಗಂಟೆ, ನಿಮ್ಮ ಬಿಲ್ಲಿನ ಯೂನಿಟ್ ದರ, ಈ ಮೂರನ್ನು ಗುಣಿಸಿ. ಕೊಟೇಶನ್ನಿನ ಮೊತ್ತವನ್ನು ಅದರಿಂದ ಭಾಗಿಸಿ.

ಆ ಮೊತ್ತವನ್ನು ಜಿಎಸ್‌ಟಿ ಸಹಿತವೇ ಹಿಡಿಯಿರಿ. ಮೋಟಾರು, ಡ್ರೈವುಗಳಿಗೆ ಶೇ. 18 ತೆರಿಗೆ. ಕಚ್ಚಾವಸ್ತುವಿನ ತೆರಿಗೆ ಹೆಚ್ಚು, ಸರಕಿನ ತೆರಿಗೆ ಕಡಿಮೆ ಇರುವವರಿಗೆ ಸಿಗುವ ರಿಫಂಡಿನ ಸೂತ್ರದಲ್ಲಿ ಯಂತ್ರೋಪಕರಣದ ಮೇಲೆ ಕಟ್ಟಿದ ತೆರಿಗೆ ಸೇರುವುದಿಲ್ಲ. ಡಬ್ಬದ ಮೇಲಿನ ಶೇ. 5ರಲ್ಲಿ ಅದು ತೀರುವುದು ನಿಧಾನ. ಲಕ್ಷ ರೂಪಾಯಿಯ ಡ್ರೈವಿನಲ್ಲಿ 18,000 ಎಷ್ಟು ಕಾಲ ಕ್ರೆಡಿಟ್ ಖಾತೆಯಲ್ಲಿ ಕೂರುತ್ತದೆ ಎಂದು ನಿಮ್ಮ ಆಡಿಟರನ್ನು ಕೇಳಿಯೇ ಮುಂದುವರಿಯಿರಿ.

ಸಾಲ ಮಾಡಿ ಹಾಕುವವರಿಗೆ, ಕೇಂದ್ರ ವಿದ್ಯುತ್ ಸಚಿವಾಲಯ 2025ರ ಜುಲೈಯಲ್ಲಿ ಆರಂಭಿಸಿದ ಅಡೀಟಿ ಯೋಜನೆಯಲ್ಲಿ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಶೇ. 5, ಮಧ್ಯಮ ಉದ್ಯಮಕ್ಕೆ ಶೇ. 3 ಬಡ್ಡಿ ಸಹಾಯವಿದೆ. ಕಾಗದವೂ ಸೇರಿ 14 ವಲಯಗಳಿಗೆ ಅದು ಅನ್ವಯಿಸುತ್ತದೆ, ಕನಿಷ್ಠ ಶೇ. 10 ಇಂಧನ ಉಳಿತಾಯ ತೋರಿಸಬೇಕು. ಡಬ್ಬದ ಘಟಕ ಆ ಪಟ್ಟಿಯೊಳಗೆ ಬರುವ ಬಗ್ಗೆ ರಾಜ್ಯದ ನಿಯೋಜಿತ ಸಂಸ್ಥೆ ಕ್ರೆಡೆಲ್‌ನಲ್ಲಿ (ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ) ಲಿಖಿತವಾಗಿ ಕೇಳಿಕೊಳ್ಳಿ. ಅರ್ಜಿಗೆ ಬೇಕಾಗುವ ಮೊದಲ ಕಾಗದ ಈಗಿನ ಬಳಕೆಯ ಅಳತೆ. ಹಳೆಯ ಯಂತ್ರ ಕಿತ್ತ ಮೇಲೆ ಆ ಅಳತೆ ಸಿಗುವುದಿಲ್ಲ. ಆದ್ದರಿಂದ ಪವರ್ ಮೀಟರಿನ ನಾಲ್ಕೂ ಸಂಖ್ಯೆಗಳನ್ನು ತಾರೀಖು ಸಹಿತ ಬರೆದು, ಮೀಟರಿನ ಫೋಟೋ ತೆಗೆದಿಟ್ಟುಕೊಂಡೇ ಸ್ಪ್ಯಾನರ್ ಹಿಡಿಯಿರಿ.